ದೆವ್ವ ಕಾಣಿಸಲೇಬೇಕಾ?



ಹೋದ ಶನಿವಾರ ರಾತ್ರಿ ಕರೆಂಟ್ ಹೋಗಿದ್ದಾಗ ನಮ್ಮಣ್ಣ ಫೋನಿನಲ್ಲಿ ಒಂದು ಕೇಳುವ ನಾಟಕ ಹಾಕಿದ. ಸದ್ದು ಜೋರಾಗಿ ಬರಲಿ ಅಂತ ಫೋನನ್ನು ಸ್ಟೀಲ್ ಚೊಂಬಿನೊಳಗೆ ಇಟ್ಟ. ಜಗುಲಿಯಲ್ಲಿ ಏಳೆಂಟು ಜನ ಕೂತು ಕೇಳಿದೆವು. ಹಳೇ ಬಂಗಲೆಗೆ ಒಬ್ಬ ಹುಡುಗಿ ಕೆಲಸಕ್ಕೆ ಬರುತ್ತಾಳೆ. ಬೀಗ ಹಾಕಿದ ಮಹಡಿಯಲ್ಲಿ ದಿನಾ ರಾತ್ರಿ ಹೆಜ್ಜೆ ಸದ್ದು. ಕೊನೆಗೆ ಬೀಗ ತೆಗೆದರೆ ಯಾರೂ ಇಲ್ಲ, ಕುರ್ಚಿಯೊಂದು ಕಿರ್ ಕಿರ್ ಅನ್ನುತ್ತಿರುತ್ತದೆ. ಅಷ್ಟಕ್ಕೇ ನಾಟಕ ಮುಗೀತು.

ಅಣ್ಣನ ಗೆಳೆಯರಿಗೆ ಸಿಟ್ಟು ಬಂತು. "ಇದೇನ್ಲಾ, ದೆವ್ವಾನೇ ಬರ್ನಿಲ್ಲ!" ಅಂದರು. ಚಿಕ್ಕಮ್ಮ, ಮಕ್ಕಳ ಮುಂದೆ ಇಂಥದ್ದು ಹಾಕಬೇಡಿ ಅಂತ ಬೈದರು. ನಮ್ಮಜ್ಜಿ ಮಾತ್ರ, "ಅದು ದೆವ್ವ ಅಲ್ಲ ಕಣ್ಲಾ, ಯಾವ್ದೋ ಒಂಟಿ ಜೀವ. ಮಾತಾಡ್ಸೋರಿಲ್ದೆ ಹಂಗೆ ಓಡಾಡ್ಕಂಡದೆ" ಅಂದಿತು.

ದೆವ್ವ ತೋರಿಸದೆ ಇದ್ದದ್ದೇ ಸರಿ ಎಂಬುದು ನನ್ನ ಅಭಿಪ್ರಾಯ. ಟಿವಿಯಲ್ಲಿ ಬರುವ ದೆವ್ವಕ್ಕೆ ಬಿಳಿ ಸೀರೆ, ಬಿಟ್ಟ ಕೂದಲು, ನೋಡಿದರೆ ನಗು ಬರುತ್ತದೆ. ಕೇಳುವಾಗ ಹಾಗಲ್ಲ. ನನಗೆ ಆ ಬಂಗಲೆ ನಮ್ಮೂರ ಹಳೇ ಆಲೆಮನೆ ಥರ ಕಂಡಿತು. ನನ್ನ ಗೆಳೆಯನಿಗೆ ಮಳವಳ್ಳಿಯ ಮಾವನ ಮನೆ ಅಟ್ಟ ಕಂಡಿತಂತೆ. ರೇಡಿಯೋ ನಾಟಕದಲ್ಲಿ ಎರಡು ತೆಂಗಿನ ಚಿಪ್ಪು ಕುಟ್ಟಿ ಕುದುರೆ ಓಡಿಸುತ್ತಿದ್ದರಂತೆ. ಚಿಪ್ಪು ಅಂತ ಗೊತ್ತಿದ್ದರೂ ನಮಗೆ ಕುದುರೆಯೇ ಕಾಣುತ್ತದೆ!

ಮೈಸೂರಿನಲ್ಲಿ 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಯದೇ. 1938ರಲ್ಲಿ ಅಮೆರಿಕದ ರೇಡಿಯೋದಲ್ಲಿ ಬೇರೆ ಗ್ರಹದವರು ದಾಳಿ ಮಾಡುವ ನಾಟಕ ಬಂದಾಗ ಕೆಲವರು ನಿಜವೆಂದೇ ಹೆದರಿದ್ದರು. ಅಷ್ಟು ದೂರ ಯಾಕೆ, ನಮ್ಮಪ್ಪ ಚಿಕ್ಕವರಿದ್ದಾಗ, 1990ರ ನಂತರದ ವರ್ಷಗಳಲ್ಲಿ, ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರಂತೆ. ದೆವ್ವ ಮನೆಯವರ ದನಿಯಲ್ಲೇ ಕೂಗುತ್ತದೆ ಎಂದು ಸುದ್ದಿ. ಕಣ್ಣಾರೆ ಕಂಡವರನ್ನು ಅಪ್ಪ ಒಬ್ಬರನ್ನೂ ನೋಡಿಲ್ಲವಂತೆ.

ಈಗ ನಿಜ ಹೇಳುತ್ತೇನೆ. ನಾಟಕ ಕೇಳಿದ ಮರುದಿನ ನಾವು ನಾಲ್ಕು ಜನ ನಾಲೆ ಏರಿ ಮೇಲೆ ಹೋಗುತ್ತಿದ್ದೆವು. ಅಲ್ಲಿ ಹೆಂಚಿನ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ ಗೊತ್ತಲ್ಲ, ಅವರ ಬಾಗಿಲ ಮುಂದೆ "ಬಂಗಲೆ ದೆವ್ವಾ!" ಅಂತ ಕೂಗಿ ಓಡಿದೆವು. ನಾನೇ ಮೊದಲು ಕೂಗಿದ್ದು. ದಿನಾ ಡೈರಿಗೆ ಹಾಲು ಹಾಕಲು ಬರುವ ಅವರು ಆಮೇಲೆ ಎರಡು ದಿನ ಬರಲಿಲ್ಲ.

ಇದು ಗೊತ್ತಾದ ಮೇಲೆ ಚಿಕ್ಕಮ್ಮ, "ನೋಡು, ಅದಕ್ಕೇ ಬೇಡ ಅಂದಿದ್ದು" ಅಂದರು. ಆದರೆ ನಾಟಕದವರು ಯಾರನ್ನೂ ದೆವ್ವ ಅನ್ನಲಿಲ್ಲ. ಖಾಲಿ ಕುರ್ಚಿ ಬಿಟ್ಟರು. ಅದರ ಮೇಲೆ ಆ ಅಜ್ಜಿಯನ್ನು ಕೂರಿಸಿದ್ದು ನಾವು. ಆದ್ದರಿಂದ ಇಂಥ ನಾಟಕ ಬೇಡವೆನ್ನುವ ಮಾತು ನಾನು ಒಪ್ಪಲ್ಲ. ಮೇಷ್ಟ್ರು ಒಂದು ಶನಿವಾರ ತರಗತಿಯಲ್ಲೇ ಹಾಕಿದರೆ, ಕೇಳಿದ ಮೇಲೆ ಕೂತು ಮಾತಾಡಬಹುದು.

ನಿನ್ನೆ ಸಂಜೆ ಒಬ್ಬನೇ ಆ ಮನೆ ಹತ್ತಿರ ಹೋಗಿದ್ದೆ. ಒಳಗೆ ಪಾತ್ರೆ ಸದ್ದು ಕೇಳಿಸಿತು. ಕೂಗಲು ಬಾಯಿ ಬರಲಿಲ್ಲ, ವಾಪಸ್ ಬಂದೆ. ಉಳಿದ ಮೂರು ಜನಾನೂ ಈ ಗೋಡೆ ಪತ್ರಿಕೆ ಓದ್ತೀರಿ ಅಂತ ಗೊತ್ತು ಕಣ್ರೋ. ಭಾನುವಾರ ಬೆಳಿಗ್ಗೆ ಬನ್ನಿ, ಒಟ್ಟಿಗೆ ಹೋಗೋಣ.

ಇಂತಿ,
7ನೇ ತರಗತಿ ವಿದ್ಯಾರ್ಥಿ