ಗಾಡಿಗೆ ಗಟ್ಟಿ ಅಂಗಿ, ಹಚ್ಚುವವನಿಗೆ?

ಮಳೆಗಾಲ ಮುಗಿದ ಕೂಡಲೇ ಪುಣೆಯ ಗ್ಯಾರೇಜುಗಳಲ್ಲಿ ಪಿಕಪ್ ಗಾಡಿ ಇಟ್ಟುಕೊಂಡವರ ಬಾಯಲ್ಲಿ ಈಗ ಒಂದೇ ಮಾತು: ಬೆಡ್‌ಲೈನರ್. ಹಿಂದಿನ ತೊಟ್ಟಿಗೆ ಮಾತ್ರ ಹಚ್ಚುತ್ತಿದ್ದ ಆ ಒರಟೊರಟು ಕಪ್ಪು ಲೇಪನವನ್ನು ಜನ ಈಗ ಗಾಡಿಯ ಹೊರಮೈಗೂ ಬಳಿಯತೊಡಗಿದ್ದಾರೆ. ಬಾಗಿಲ ಕೆಳಭಾಗಕ್ಕೆ, ಚಕ್ರದ ಕಮಾನಿಗೆ, ಬಂಪರಿಗೆ, ಕೆಲವರಂತೂ ಇಡೀ ಗಾಡಿಗೆ. ಅದನ್ನೂ ವರ್ಕ್‌ಶಾಪಿಗೆ ಕೊಡದೆ, ಕಿಟ್ ತರಿಸಿಕೊಂಡು, ಸೊಸೈಟಿಯ ಪಾರ್ಕಿಂಗಿನಲ್ಲಿ ತಾವೇ ಹಚ್ಚಿಕೊಳ್ಳುವ ಉತ್ಸಾಹ. ಕಳೆದ ಅಕ್ಟೋಬರಿನಲ್ಲಿ ನನ್ನ ಗಾಡಿಗೂ ಈ ಕೆಲಸ ಆಯಿತು. ಹಾಗಾಗಿ ಈ ತಿಂಗಳ ಅಂಕಣ ಅದರದ್ದೇ. ಓದುಗರಲ್ಲಿ ಪಿಕಪ್ ಇರುವವರು ಕಡಿಮೆ ಅಂತ ಗೊತ್ತು. ಆದರೆ ಗಾಡಿಗೆ ಬಣ್ಣ ಹೊಡೆಸದವರು ನಮ್ಮಲ್ಲಿ ಯಾರಿದ್ದೀರಿ?

ಮೊದಲು ಇದು ಎಲ್ಲಿಯದು ಅಂತ ನೋಡೋಣ. ಅಮೆರಿಕದಲ್ಲಿ ಪಿಕಪ್ ಅಂದರೆ ನಮ್ಮ ಕಡೆ ಎತ್ತಿನ ಗಾಡಿ ಇದ್ದ ಹಾಗೆ: ಹೊಲಕ್ಕೂ ಅದೇ, ಸಂತೆಗೂ ಅದೇ. ಕಲ್ಲು, ಕಬ್ಬಿಣ, ಕಟ್ಟಿಗೆ ಹೇರಿ ಹೇರಿ ತೊಟ್ಟಿಯ ಬಣ್ಣ ಕಿತ್ತುಹೋಗುತ್ತಿತ್ತು. ಅದನ್ನು ತಪ್ಪಿಸಲು ಮೊದಲು ಪ್ಲಾಸ್ಟಿಕ್ಕಿನ ಅಚ್ಚನ್ನು ತೊಟ್ಟಿಯೊಳಗೆ ಕೂರಿಸುತ್ತಿದ್ದರು. ಆಮೇಲೆ ಪಾಲಿಯುರೆಥೇನ್, ಪಾಲಿಯೂರಿಯಾ ಲೇಪನಗಳನ್ನು ನೇರವಾಗಿ ಸಿಂಪಡಿಸುವ ಅಂಗಡಿಗಳು ಬಂದವು. ರೈನೋ ಲೈನಿಂಗ್ಸ್, ಲೈನ್-ಎಕ್ಸ್ ಎಂಬ ಹೆಸರುಗಳು ಬೆಳೆದದ್ದು ಹಾಗೆ. ಮನೆಯಲ್ಲೇ ಹಚ್ಚಿಕೊಳ್ಳುವವರಿಗೆ ರೋಲರ್‌ನಿಂದ ಬಳಿಯುವ ಹರ್ಕ್ಯುಲೈನರ್, ಗನ್ನಿನಿಂದಲೂ ರೋಲರ್‌ನಿಂದಲೂ ಹಚ್ಚಬಹುದಾದ ರಾಪ್ಟರ್ ಬಂದವು. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲಕ್ಕೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಗಾಡಿಯ ಕೆಳಮೈಯನ್ನು ತಿನ್ನುತ್ತದೆ. ತೊಟ್ಟಿಯ ಲೇಪನ ಹೊರಮೈಗೆ ಹತ್ತಿದ್ದಕ್ಕೆ ಅದೂ ಒಂದು ಕಾರಣ.

ನಮ್ಮಲ್ಲಿ ರಸ್ತೆಗೆ ಉಪ್ಪು ಸುರಿಯುವುದಿಲ್ಲ. ಆದರೆ ಮುಂಬೈ, ಚೆನ್ನೈನವರಿಗೆ ಸಮುದ್ರದ ಗಾಳಿಯಲ್ಲೇ ಉಪ್ಪಿದೆ. ನನ್ನಂಥವರಿಗೆ ಪುಣೆಯಿಂದ ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟಿ ಧಾರವಾಡದ ಕಡೆ ಹೋಗುವ ಹೆದ್ದಾರಿ ಇದೆ. ಎಲ್ಲಿ ನೋಡಿದರೂ ರಸ್ತೆ ಕೆಲಸ. ಮುಂದಿನ ಲಾರಿಯ ಚಕ್ರದಿಂದ ಸಿಡಿದ ಜಲ್ಲಿ ಬಾಗಿಲಿಗೆ ಬಡಿದ ಸದ್ದು ಕೇಳಿದರೆ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ನನ್ನ ಇಸುಜು ಪಿಕಪ್ಪಿನ ಚಕ್ರದ ಕಮಾನು ಮತ್ತು ಬಾಗಿಲ ಕೆಳಗಿನ ಪಟ್ಟಿಯಲ್ಲಿ ಕಾಳು ಕಾಳಾಗಿ ಬಣ್ಣ ಎದ್ದಿತ್ತು. ಎರಡು ಕಡೆ ಕೆಂಪು ಕಾಣಿಸಿಕೊಂಡಿತ್ತು.

ಈ ಲೇಪನದ ಶಕ್ತಿ ಇರುವುದು ಅದರ ದಪ್ಪದಲ್ಲಿ ಮತ್ತು ಬಳುಕುವ ಗುಣದಲ್ಲಿ. ಫ್ಯಾಕ್ಟರಿಯ ಬಣ್ಣ ಎಲ್ಲ ಪದರ ಸೇರಿ ಸುಮಾರು 100ರಿಂದ 130 ಮೈಕ್ರಾನ್ ಇರುತ್ತದೆ. ಬೆಡ್‌ಲೈನರ್ ಎರಡು ಕೋಟು ಹಚ್ಚಿದರೆ ಅದರ ಎರಡು ಮೂರು ಪಟ್ಟು. ಕಲ್ಲು ಬಡಿದರೆ ಬಣ್ಣ ಚಕ್ಕೆ ಏಳುತ್ತದೆ, ಇದು ರಬ್ಬರಿನಂತೆ ಪೆಟ್ಟನ್ನು ನುಂಗಿಕೊಳ್ಳುತ್ತದೆ.

ಆದರೆ ಇದು ತುಕ್ಕಿಗೆ ಔಷಧಿಯಲ್ಲ. ಫ್ಯಾಕ್ಟರಿಯಲ್ಲಿ ಇಡೀ ಬಾಡಿಯನ್ನು ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಸಂದಿಗೊಂದಿಗೂ ಪ್ರೈಮರ್ ಕೂರುವಂತೆ ಮಾಡಿರುತ್ತಾರೆ. ತುಕ್ಕಿನಿಂದ ಕಾಯುವ ಮುಖ್ಯ ಪದರ ಅದು. ಬೆಡ್‌ಲೈನರ್ ಆ ಪದರವನ್ನು ಪೆಟ್ಟಿನಿಂದ ಕಾಯುತ್ತದೆ, ಅಷ್ಟೇ. ಕೆಳಗೆ ಈಗಾಗಲೇ ತುಕ್ಕಿದ್ದರೆ, ಮೇಲಿನ ದಪ್ಪ ಹೊದಿಕೆ ಅದನ್ನು ನಿಮ್ಮ ಕಣ್ಣಿಂದ ಮರೆಮಾಡುತ್ತದೆ. ಕಬ್ಬಿಣಕ್ಕಿಂತ ತುಕ್ಕು ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಅದು ಒಳಗಿಂದಲೇ ಲೇಪನವನ್ನು ಎತ್ತುತ್ತಾ ಪಕ್ಕಕ್ಕೆ ಹರಡುತ್ತದೆ. ಸಾಮಾನ್ಯ ಬಣ್ಣವಾದರೆ ಗುಳ್ಳೆ ಎದ್ದು ಬೇಗ ಸುಳಿವು ಕೊಡುತ್ತದೆ. ಇದು ಕೊಡುವ ಹೊತ್ತಿಗೆ ತಗಡು ತೂತಾಗಿರಬಹುದು.

ಆದ್ದರಿಂದ ಕೆಲಸದ ಮುಕ್ಕಾಲು ಪಾಲು ಡಬ್ಬಿ ತೆರೆಯುವ ಮುಂಚಿನದು. ಕ್ರಮ ಹೀಗೆ. ಗಾಡಿಯನ್ನು ಚೆನ್ನಾಗಿ ತೊಳೆದು ಒಣಗಿಸಿ. ಮೇಣ, ಎಣ್ಣೆ, ಪಾಲಿಶ್ ಇದ್ದರೆ ಡಿಗ್ರೀಸರ್‌ನಿಂದ ತೆಗೆಯಿರಿ. ಉಜ್ಜಿದ ಮೇಲೆ ಎಣ್ಣೆ ತೆಗೆದರಾಯಿತು ಅಂದುಕೊಂಡರೆ, ಉಜ್ಜುವಾಗಲೇ ಅದು ಗೀರುಗಳೊಳಗೆ ಇಳಿದುಬಿಟ್ಟಿರುತ್ತದೆ. ತುಕ್ಕು ಇದ್ದಲ್ಲಿ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ. ಬರಿ ಲೋಹ ಕಂಡ ಕಡೆಯೆಲ್ಲ ಎಪಾಕ್ಸಿ ಪ್ರೈಮರ್ ಹಚ್ಚಿ. ಉಳಿದ ಬಣ್ಣದ ಹೊಳಪು ಪೂರ್ತಿ ಹೋಗುವಷ್ಟು ಪಾಲಿಶ್ ಪೇಪರ್ ಹೊಡೆಯಿರಿ. ಹೊಳಪು ಉಳಿದ ಕಡೆ ಲೇಪನ ಹಿಡಿಯುವುದಿಲ್ಲ, ಮುಂದೊಂದು ದಿನ ಪ್ರೆಶರ್ ವಾಶರಿನ ನೀರಿಗೆ ಸಿಪ್ಪೆಯಂತೆ ಎದ್ದು ಬರುತ್ತದೆ. ಬಾಗಿಲ ಕೆಳಗೆ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಅವನ್ನು ಮುಚ್ಚಿದರೆ ನೀರು ಒಳಗೇ ನಿಂತು ನೀವು ತುಕ್ಕಿಗೆ ಮನೆ ಕಟ್ಟಿಕೊಟ್ಟಂತೆ. ಬಂಪರಿನ ಪಾರ್ಕಿಂಗ್ ಸೆನ್ಸರುಗಳಿಗೂ ಟೇಪ್ ಹಾಕುವುದನ್ನು ಮರೆಯಬೇಡಿ.

ಎರಡು ಭಾಗದ ಕಿಟ್‌ಗಳಲ್ಲಿ ಲೇಪನಕ್ಕೆ ಹಾರ್ಡನರ್ ಬೆರೆಸಬೇಕು. ರಾಪ್ಟರಿನಲ್ಲಿ 3ಕ್ಕೆ 1ರ ಅಳತೆ. ಬೆರೆಸಿದ ಮೇಲೆ ಸುಮಾರು ಒಂದು ಗಂಟೆಯೊಳಗೆ ಮುಗಿಸಬೇಕು, ನಮ್ಮ ಸೆಕೆಗೆ ಇನ್ನೂ ಕಡಿಮೆ ಹೊತ್ತು ಸಿಗುತ್ತದೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಬೆರೆಸಬೇಡಿ. ಹೊರಮೈಗೆ ಕೊಳ್ಳುವಾಗ ಬಿಸಿಲಿಗೆ ತಾಳುವ ಅಲಿಫ್ಯಾಟಿಕ್ ಜಾತಿಯದೇ ಎಂದು ಕೇಳಿ ಕೊಳ್ಳಿ. ಆರೊಮ್ಯಾಟಿಕ್ ಜಾತಿಯದು ತೊಟ್ಟಿಯೊಳಗೆ ನಡೆಯುತ್ತದೆ, ಹೊರಗೆ ಬಿಸಿಲು ಬಿದ್ದು ಬಿದ್ದು ಬೂದು ಬಣ್ಣಕ್ಕೆ ತಿರುಗುತ್ತದೆ.

ಇಷ್ಟು ಗಾಡಿಯ ಮಾತು. ಇನ್ನು ಹಚ್ಚುವವರ ಮಾತು.

ನನ್ನ ಜೊತೆ ಈ ಕೆಲಸಕ್ಕೆ ನಿಂತವರು ವಿಜಯಪುರದ ಕಡೆಯ ಒಬ್ಬ ಪೇಂಟರ್ ಕಾಕಾ. ಇಪ್ಪತ್ತೈದು ವರ್ಷದಿಂದ ಪಿಂಪರಿ-ಚಿಂಚವಡದ ಡೆಂಟಿಂಗ್-ಪೇಂಟಿಂಗ್ ಶೆಡ್ಡುಗಳಲ್ಲಿ ದುಡಿದವರು. ಕನ್ನಡ ಕೇಳಿದರೆ ಚಹಾ ಕುಡಿಸದೆ ಬಿಡುವವರಲ್ಲ. ಬಾಗಿಲ ಪಟ್ಟಿ ಉಜ್ಜುತ್ತಾ ಆಗಾಗ ಕೆಮ್ಮುತ್ತಿದ್ದರು. ಎಷ್ಟು ದಿನದಿಂದ ಕಾಕಾ ಅಂತ ಕೇಳಿದೆ.

"ನಾಕೈದು ವರ್ಷ ಆತ್ರಿ ಸರ. ರಾತ್ರಿ ಭಾಳ ಆಗ್ತೈತಿ. ಊರಿಗೆ ಜಾತ್ರಿಗೆ ಹೋಗಿ ಎಂಟ್ ದಿನ ಇದ್ರ ನಿಂತ ಬಿಡ್ತೈತ್ರಿ. ಇಲ್ಲಿ ಬಂದು ಗನ್ ಹಿಡದ್ರ ಮತ್ತ ಸುರು. ನಮ್ಮೂರ ಗಾಳಿ ಛಲೋ ಐತಿ ನೋಡ್ರಿ."

ಅವರು ಊರಿನ ಗಾಳಿಯನ್ನು ಹೊಗಳುತ್ತಿದ್ದರು. ನನಗೆ ಮಾತ್ರ ಹಿಂದಿನ ವಾರವಷ್ಟೇ ಓದಿದ್ದು ನೆನಪಾಗಿ ಕೈ ನಿಂತಿತು. ಹಾರ್ಡನರ್ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಇದ್ದ ಪದ ಐಸೊಸಯನೇಟ್. ಭೋಪಾಲ ದುರಂತದಿಂದ ನಮಗೆ ಪರಿಚಯವಾದ ಹೆಸರು. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿ ಸೋರಿದ್ದು ಮೀಥೈಲ್ ಐಸೊಸಯನೇಟ್. ಡಬ್ಬಿಯೊಳಗಿನದು ಅದೇ ಅಲ್ಲ, ಅಷ್ಟು ಸುಲಭವಾಗಿ ಆವಿಯಾಗುವುದೂ ಇಲ್ಲ. ಆದರೆ ಅದೇ ಗುಂಪಿನದು, ಮತ್ತು ಸ್ಪ್ರೇ ಗನ್ನಿಗೆ ಹಾಕಿದ ಕೂಡಲೇ ಅದು ಉಸಿರಿನ ಜೊತೆ ಎದೆಗೆ ಇಳಿಯುವಷ್ಟು ಸಣ್ಣ ಮಂಜಾಗುತ್ತದೆ.

ಇದು ಕೆಲವರಲ್ಲಿ ಅಸ್ತಮಾ ತರುತ್ತದೆ. ಒಮ್ಮೆ ಮೈಗೆ ಒಗ್ಗದೆ ಹೋಯಿತೆಂದರೆ, ಆಮೇಲೆ ಎಳ್ಳಷ್ಟು ತಾಗಿದರೂ ಉಬ್ಬಸ ಶುರು. ಕೆಲಸವಿದ್ದ ದಿನ ಹೆಚ್ಚಾಗಿ, ರಜೆಯಲ್ಲಿ ಕಡಿಮೆಯಾಗುವ ಕೆಮ್ಮು ವೈದ್ಯರು ಹುಡುಕುವ ಮೊದಲ ಸುಳಿವು. ಅಮೆರಿಕದ ಸರಕಾರಿ ಔದ್ಯೋಗಿಕ ಸುರಕ್ಷಾ ಸಂಶೋಧನಾ ಸಂಸ್ಥೆ ನಿಯೋಶ್, 2006ರಲ್ಲಿ ಟ್ರಕ್ಕಿನ ತೊಟ್ಟಿಗೆ ಲೇಪನ ಸಿಂಪಡಿಸುವವರಿಗೆಂದೇ ಒಂದು ಎಚ್ಚರಿಕೆ ಪತ್ರ ಹೊರಡಿಸಿದೆ. ಅದರ ತಲೆಬರಹದಲ್ಲೇ ಅಸ್ತಮಾ ಮತ್ತು ಸಾವು ಎಂಬ ಎರಡೂ ಪದಗಳಿವೆ. ಈ ಕೆಲಸ ಮಾಡುತ್ತಿದ್ದ ಒಬ್ಬರು ಅಸ್ತಮಾದಿಂದ ಸತ್ತದ್ದೂ ಅದರಲ್ಲಿದೆ. ಅಲ್ಲಿ ಸಿಂಪಡಿಸುವವನಿಗೆ ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಕೊಡುವ ಮುಖವಾಡ ಹಾಕಬೇಕು ಅನ್ನುತ್ತಾರೆ. ನಮ್ಮಲ್ಲಿ? ಕಾಕಾನ ಹೆಗಲ ಮೇಲೆ ಒಂದು ಟವೆಲ್ ಇತ್ತು.

"ವಾಸ್ನಿ ಬಂದ್ರ ಇದನ್ನ ಕಟ್ಕೋತೀನ್ರಿ" ಅಂದರು. ಮೋಸ ಇರುವುದು ಅಲ್ಲೇ. ಮೂಗಿಗೆ ಹೊಡೆಯುವುದು ಥಿನ್ನರಿನ ವಾಸನೆ. ಐಸೊಸಯನೇಟ್ ವಾಸನೆಯಾಗಿ ತಿಳಿಯುವ ಮೊದಲೇ ಸುರಕ್ಷಿತ ಮಿತಿ ದಾಟಿರುತ್ತದೆ. ಟವೆಲ್ ಆಗಲಿ, ಕೊರೋನಾ ಕಾಲದ ಮಾಸ್ಕ್ ಆಗಲಿ ಅದರ ಆವಿಯನ್ನು ತಡೆಯುವುದಿಲ್ಲ. ಚರ್ಮದಿಂದಲೂ ಅದು ತೊಂದರೆ ಕೊಡಬಲ್ಲದು, ಬರಿಗೈಯಲ್ಲಿ ಮುಟ್ಟಬಾರದು.

ಅಂದು ಕಂಪ್ರೆಸರ್ ಚಾಲೂ ಮಾಡಲಿಲ್ಲ. ಇಡೀ ಗಾಡಿಗೆ ಹೊಡೆಯುವ ಯೋಚನೆ ಮೊದಲೂ ಇರಲಿಲ್ಲ. ಪೆಟ್ಟು ಬೀಳುವ ಕೆಳಗಿನ ಪಟ್ಟಿ, ಕಮಾನು ಮತ್ತು ತೊಟ್ಟಿ, ಇಷ್ಟಕ್ಕೆ ರೋಲರ್ ಸಾಕು. ನೈಟ್ರೈಲ್ ಕೈಗವಸು, ಕನ್ನಡಕ, ತುಂಬುತೋಳಿನ ಹಳೆ ಅಂಗಿ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮುಖವಾಡ ಹಾಕಿಕೊಂಡು, ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಾನೇ ಹಚ್ಚಿದೆ. ರೋಲರಿನಲ್ಲಿ ಮಂಜು ಏಳುವುದಿಲ್ಲ, ಅದೇ ದೊಡ್ಡ ಲಾಭ. ಕಾಕಾ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತು, "ಅಲ್ಲಿ ತಗ್ಗ ಬಿತ್ತು, ಇಲ್ಲಿ ದಪ್ಪ ಆತು" ಅಂತ ಮೇಸ್ತ್ರಿಯಾದರು. ಕೂಲಿ ಪೂರ್ತಿ ಕೊಟ್ಟೆ, ಅದರಲ್ಲಿ ದಾನವೇನಿಲ್ಲ. ಉಜ್ಜುವ ಕೆಲಸವೇ ಅಸಲಿ ಕೆಲಸ, ಅದನ್ನು ಮಾಡಿದ್ದು ಅವರು. ರೋಲರಿನ ಮೇಲ್ಮೈ ಗನ್ನಿನಷ್ಟು ಒಂದೇ ಸಮ ಬರುವುದಿಲ್ಲ. ಬಾಗಿಲ ಕೆಳಗೆ ಬಗ್ಗಿ ನೋಡುವವರು ಯಾರು?

ಇಡೀ ಗಾಡಿಗೆ ಹೊಡೆಸಲೇಬೇಕು ಅನ್ನುವವರಿಗೆ ಎರಡು ಮಾತು. ಆರ್‌ಸಿಯಲ್ಲಿ ಗಾಡಿಯ ಬಣ್ಣ ನಮೂದಾಗಿರುತ್ತದೆ. ಬಿಳಿ ಗಾಡಿ ಕಪ್ಪಾಗುವುದಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಕಾಗದ ಸರಿಮಾಡಿಕೊಳ್ಳಿ, ವಿಮೆಯವರಿಗೂ ತಿಳಿಸಿ. ಕೆಎ ನಂಬರಿನ ಗಾಡಿ ಕಂಡರೆ ಪರವೂರಿನ ನಾಕಾದಲ್ಲಿ ಕೈ ಅಡ್ಡ ಬರುವುದು ನಮಗೇನೂ ಹೊಸದಲ್ಲ. ಎರಡನೆಯದು, ಈ ಲೇಪನ ಒಮ್ಮೆ ಹಿಡಿಯಿತೆಂದರೆ ತೆಗೆಯುವುದು ಗ್ರೈಂಡರಿನಿಂದಲೇ. ನಾಳೆ ಡೆಂಟ್ ಬಿದ್ದರೆ ಪಾಲಿಶ್ ಮಾಡಿ ಮುಗಿಸಲಾಗದು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಸ್ಪ್ರೇ ಹೊಡೆಸುವುದಾದರೆ ರೇಟು ಕೇಳುವ ಮುಂಚೆ ಶೆಡ್ಡಿನೊಳಗೆ ಹೋಗಿ ನೋಡಿ. ಗನ್ ಹಿಡಿಯುವವನ ಮುಖಕ್ಕೆ ಗಾಳಿಯ ಕೊಳವೆ ಇದೆಯೇ, ಬೂತಿನಲ್ಲಿ ಗಾಳಿ ಹೊರಗೆಳೆಯುವ ಫ್ಯಾನ್ ನಡೆಯುತ್ತಿದೆಯೇ, ಪಕ್ಕದಲ್ಲಿ ಹುಡುಗರು ಬರಿಮೂಗಿನಲ್ಲಿ ನಿಂತಿದ್ದಾರೆಯೇ? ಗಿರಾಕಿ ಕೇಳಿದರೆ ಮಾಲೀಕನಿಗೆ ಕೇಳಿಸುತ್ತದೆ. ಕೆಲಸಗಾರ ಕೇಳಿದರೆ ಕೇಳಿಸುವುದಿಲ್ಲ. ಲೇಪನ ಪೂರ್ತಿ ಗಟ್ಟಿಯಾಗಿ ಗಾಡಿ ನಿಮ್ಮ ಕೈಗೆ ಬರುವ ಹೊತ್ತಿಗೆ ಐಸೊಸಯನೇಟ್ ಕೂಡಿಕೊಂಡು ಮುಗಿದಿರುತ್ತದೆ, ನಿಮಗೇನೂ ತೊಂದರೆಯಿಲ್ಲ. ತೊಂದರೆಯೆಲ್ಲ ನೀವು ನೋಡದ ಆ ಎರಡು ಗಂಟೆಯಲ್ಲಿ, ಇನ್ನೊಬ್ಬನ ಎದೆಯಲ್ಲಿ.

ಕಾಕಾನಿಗೆ ಎದೆಯ ಡಾಕ್ಟರ ಹತ್ತಿರ ಹೋಗಲು ಹೇಳಿ, ಹಾರ್ಡನರ್ ಡಬ್ಬಿಯ ಚೀಟಿಯ ಫೋಟೋ ಅವರ ಮೊಬೈಲಿಗೆ ಹಾಕಿಕೊಟ್ಟೆ. ಬರೀ ಕೆಮ್ಮು ಅನ್ನಬೇಡಿ, ಏನು ಹೊಡೆಯುತ್ತೀರಿ ಅಂತ ತೋರಿಸಿ, ಊರಿಗೆ ಹೋದರೆ ನಿಲ್ಲುತ್ತದೆ ಅನ್ನುವುದನ್ನು ಮರೆಯದೆ ಹೇಳಿ ಅಂದೆ. ಹೋಗಿ ಬಂದರು. ಕೊಳವೆಗೆ ಊದಿಸಿ ಪರೀಕ್ಷೆ ಮಾಡಿದರಂತೆ, ಕೆಲಸದ ದಿನ ಮತ್ತು ರಜೆಯ ದಿನ ಎರಡೂ ಅಳತೆ ಬರೆದಿಡಲು ಹೇಳಿದ್ದಾರಂತೆ. ಗನ್ ಬಿಟ್ಟರೆ ಹೊಟ್ಟೆಗೇನು ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಸದ್ಯಕ್ಕೆ ಡೆಂಟಿಂಗ್, ಪುಟ್ಟಿ ಮತ್ತು ಉಜ್ಜುವ ಕೆಲಸ ಮಾತ್ರ ಹಿಡಿಯುತ್ತಿದ್ದಾರೆ, ಸಂಪಾದನೆ ಇಳಿದಿದೆ. ಪುಣೆಯಲ್ಲಿರುವ ಓದುಗರ ಗಾಡಿಗೆ ಅಂಥ ಕೆಲಸವಿದ್ದರೆ ಸಂಪಾದಕರಿಗೆ ಒಂದು ಸಾಲು ಬರೆಯಿರಿ, ನಾನು ಅವರಿಗೆ ಮುಟ್ಟಿಸುತ್ತೇನೆ. ತುಕ್ಕು ಕಂಡರೆ ಬಿಡುವವರಲ್ಲ ಕಾಕಾ.