ಸುಲ್ತಾನನ ತಲೆ ಬೇಡ ಕಣ್ರೀ!

ಹೋದ ವಾರ ಟೀಮಿನ ಗೆಳೆಯನೊಬ್ಬ ಇಸ್ತಾಂಬುಲ್ಲಿನಿಂದ ಒಂದು ಫೋಟೋ ಕಳಿಸಿದ. ಗ್ರ್ಯಾಂಡ್ ಬಜಾರಿನ ಯಾವುದೋ ಅಂಗಡಿಯ ಗಾಜಿನ ಕಪಾಟು. ಅದರೊಳಗೆ ಮುಂಡಾಸು ಸುತ್ತಿಕೊಂಡು, ಗಡ್ಡ ಬಿಟ್ಟುಕೊಂಡು ಹತ್ತಿಪ್ಪತ್ತು ಜನ ಬಿಳೀ ಸುಲ್ತಾನರು ಸಾಲಾಗಿ ನನ್ನನ್ನೇ ಗುರಾಯಿಸ್ತಿದಾರೆ. ಕೆಳಗೆ ಒಂದೇ ಸಾಲು: "ನನ್ನ ಮೊದಲನೇ ಮೀರ್ಶಾಮ್ ಪೈಪು. ಇವರಲ್ಲಿ ಯಾರನ್ನ ಕರಕೊಂಡು ಬರಲಿ?"

ಯಾರೂ ಬೇಡ ಮಾರಾಯ, ಅಂದೆ. ಅವನಿಗೆ ಸಿಟ್ಟು ಬಂತು. ಚಾಟ್‌ನಲ್ಲಿ ಅರ್ಧ ಗಂಟೆ ಜಗಳ. ಅಲ್ಲಿ ಬೆರಳು ನೋವು ಬಂದು ನಿಲ್ಲಿಸಿದ್ದನ್ನ ಇಲ್ಲಿ ಪೂರ್ತಿ ಮಾಡ್ತಿದೀನಿ, ಸಹಿಸಿಕೊಳ್ಳಿ :-)

ಮೊದಲು ಈ ಕಲ್ಲಿನ ಕಥೆ. ಮೀರ್ಶಾಮ್ ಅಂದ್ರೆ ಜರ್ಮನ್ನಿನಲ್ಲಿ ಸಮುದ್ರದ ನೊರೆ. ನೊರೆಯೂ ಅಲ್ಲ, ಸಮುದ್ರದ್ದೂ ಅಲ್ಲ. ಸೆಪಿಯೋಲೈಟ್ ಅನ್ನೋ ಖನಿಜ, ನೀರಿನಂಶ ಇರೋ ಮೆಗ್ನೀಸಿಯಮ್ ಸಿಲಿಕೇಟ್. ಮೈತುಂಬಾ ಕಣ್ಣಿಗೆ ಕಾಣದ ತೂತು, ಹಾಗಾಗಿ ಒಣಗಿದ ಗಡ್ಡೆ ನೀರಲ್ಲಿ ತೇಲುತ್ತೆ. ಟರ್ಕಿಯ ಎಸ್ಕಿಶೆಹಿರ್ ಸುತ್ತಲ ಹಳ್ಳಿಗಳಲ್ಲಿ ಬಾವಿಯಂಥ ಗುಂಡಿ ತೋಡಿ, ಗೆಣಸು ಅಗೆದ ಹಾಗೆ ಗಡ್ಡೆ ಗಡ್ಡೆಯಾಗಿ ಮೇಲೆ ತರ್ತಾರೆ. ನೀರಲ್ಲಿ ನೆನೆಸಿದ್ರೆ ಸೋಪಿನಷ್ಟು ಮೆತ್ತಗಾಗುತ್ತೆ, ಆಗಲೇ ಕೆತ್ತನೆ. ಆಮೇಲೆ ಒಣಗಿಸಿ, ನುಣುಪು ಮಾಡಿ, ಬಿಸಿ ಜೇನುಮೇಣದಲ್ಲಿ ಅದ್ದೋದು. ಸೇದ್ತಾ ಸೇದ್ತಾ ಆ ಮೇಣ, ತಂಬಾಕಿನ ಟಾರು ಸೇರಿ ಬಿಳೀ ಕಲ್ಲು ತಿಂಗಳುಗಟ್ಟಲೆ ವರ್ಷಗಟ್ಟಲೆ ತಗೊಂಡು ಹೊಂಬಣ್ಣಕ್ಕೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತೆ. ಇದಕ್ಕೇ ಜನ ಸಾಯೋದು.

ಈಗ ಸುಲ್ತಾನನಿಗೆ ಬರೋಣ. ಕೆತ್ತಿದ ಪೈಪಿಗೆ ನೀವು ಕೊಡೋ ದುಡ್ಡು ಹೋಗೋದು ಗಡ್ಡಕ್ಕೆ ಮತ್ತು ಮುಂಡಾಸಿಗೆ. ಪೈಪು ಕೆಲಸ ಮಾಡೋದು ಹೊಗೆ ಬರೋ ರಂಧ್ರದಿಂದ. ಅದು ಬಟ್ಟಲಿನ ತಳಕ್ಕೆ ಸರಿಯಾಗಿ ಬಂದು ಸೇರಿದೆಯಾ ಅಂತ ಎಷ್ಟು ಜನ ನೋಡ್ತಾರೆ? ಒಂದು ಪೈಪ್ ಕ್ಲೀನರ್ ಬಾಯಿ ಕಡೆಯಿಂದ ತೂರಿಸಿ, ಅಡ್ಡಿಯಿಲ್ಲದೆ ತಳದಲ್ಲಿ ಹೊರಬಂದ್ರೆ ಸರಿ, ಇಲ್ಲಾಂದ್ರೆ ಸುಲ್ತಾನನಿಗೊಂದು ಸಲಾಮು ಹೊಡೆದು ವಾಪಸ್ ಇಡಿ. ಇನ್ನು, ಆಳವಾಗಿ ಕೆತ್ತಿದಲ್ಲಿ ಗೋಡೆ ತೆಳು, ಮೂಗಿನ ಹತ್ತಿರ ದಪ್ಪ. ಶಾಖ ಒಂದೇ ಸಮ ಹರಡೋದು ಹೇಗೆ? ಹೊಸಬರು ಮೊದಮೊದಲು ಜೋರಾಗಿ ಎಳೀತಾರೆ, ಆ ತೆಳು ಜಾಗ ಕೈ ಸುಡುತ್ತೆ. ಒಂದು ಸಲ ಟೇಬಲ್ಲಿಂದ ಬಿದ್ರೆ ಮೊದಲು ಹೋಗೋದು ಗಡ್ಡದ ತುದಿ. ಎಸ್ಕಿಶೆಹಿರಿನಲ್ಲಿ ನಿಜವಾದ ಕಲಾವಿದರಿದಾರೆ, ಅವರ ಕೆಲಸ ಶೋಕೇಸಿನಲ್ಲಿಟ್ಟು ಪೂಜೆ ಮಾಡೋವಂಥದ್ದೇ. ಆದ್ರೆ ಟೂರಿಸ್ಟಿಗೆ ಅಂತ ಡಜನ್ ಲೆಕ್ಕದಲ್ಲಿ ಕೊರೆದದ್ದು ಬೇರೆ. ಮೊದಲನೇ ಪೈಪು ನುಣುಪಾಗಿರಲಿ, ಗೋಡೆ ದಪ್ಪಗಿರಲಿ, ಕಾಣೋಕೆ ಬೋಳು ಬೋಳಾಗಿರಲಿ. ಬಣ್ಣ ಏರೋದು ಚೆಂದ ಕಾಣೋದೂ ಬೋಳು ಮೈ ಮೇಲೇ.

ಇನ್ನೊಂದು ಮೋಸ ಇದೆ. ಕೆತ್ತುವಾಗ ಉದುರಿದ ಚೂರು ಪುಡಿಯನ್ನೆಲ್ಲಾ ಅಂಟು ಹಾಕಿ ಒತ್ತಿ ಮಾಡಿದ್ದು 'ಪ್ರೆಸ್ಡ್' ಮೀರ್ಶಾಮ್. ಹಾಗಂತ ಹೇಳಿ ಮಾರಿದ್ರೆ ನನ್ನ ತಕರಾರಿಲ್ಲ. ಇಡೀ ಗಡ್ಡೆಯಿಂದ ಕೆತ್ತಿದ 'ಬ್ಲಾಕ್' ಅಂತ ಹೇಳಿ ಇದನ್ನ ಕೊಟ್ರೆ? ನನಗೆ ಹಾಗೇ ಆಗಿತ್ತು. ಮೊದಲನೇ ಸಲ ಆನ್‌ಲೈನಲ್ಲಿ ತರಿಸಿದ್ದು (ಅಂಗಡಿ ಹೆಸರು ಬೇಡ ಬಿಡಿ) ಕೈಗೆ ಬಂದಾಗಲೇ ಯಾಕೋ ಭಾರ ಅನ್ನಿಸ್ತು. ಎರಡು ವರ್ಷ ಸೇದಿದ್ರೂ ಹಾಗೇ ಸುಣ್ಣದ ಗೋಡೆ ಥರ ಬೆಳ್ಳಗೇ ಇತ್ತು. ಹಾಗಾಗಿ ಹಗುರ ಇದೆಯಾ ಅಂತ ಕೈಯಲ್ಲಿ ತೂಗಿ ನೋಡದೆ ದುಡ್ಡು ಬಿಚ್ಚಬೇಡಿ.

ಅಂಗಡಿಯವರು ಜೊತೆಗೆ ಒಂದು ಕಥೆ ಫ್ರೀ ಕೊಡ್ತಾರೆ. 1723ರಲ್ಲಿ ಬುಡಾಪೆಸ್ಟಿನ ಚಮ್ಮಾರನೊಬ್ಬ ಕೌಂಟ್ ಆಂಡ್ರಾಶಿಗೆ ಮೊದಲ ಮೀರ್ಶಾಮ್ ಪೈಪು ಮಾಡಿಕೊಟ್ಟನಂತೆ, ಅವನ ಕೈಯ ಮೇಣ ತಾಗಿ ಬಣ್ಣ ಬಂತಂತೆ. ಬುಡಾ ಮತ್ತು ಪೆಸ್ಟ್ ಸೇರಿ ಒಂದೂರಾಗಿದ್ದೇ 1873ರಲ್ಲಿ! ಎಲ್ಲರಿಗೂ ಗೊತ್ತಿರೋ ಆ ಕೌಂಟ್ ಗ್ಯುಲಾ ಆಂಡ್ರಾಶಿ ಹುಟ್ಟಿದ್ದು 1823ರಲ್ಲಿ. ಟೆಸ್ಟಿಂಗೇ ಮಾಡದೆ ರಿಲೀಸ್ ಮಾಡಿದ ಕಥೆ. ಮೇಣದ ಮಾತು ಮಾತ್ರ ನಿಜ.

"ಮೊದಲು ಬ್ರಯರ್ ಮರದ ಪೈಪು ಕಲಿ, ಮೀರ್ಶಾಮ್ ನಾಜೂಕು, ಹೊಸಬರಿಗಲ್ಲ" ಅನ್ನೋ ಹಿರಿಯರ ಜೊತೆಗೂ ನನ್ನ ಜಗಳ ಇದೆ. ಮರದ ಪೈಪಿಗೆ ಒಳಗಡೆ ಕರಿಪದರ ಕಟ್ಟಿಸಬೇಕು, ಪಳಗಿಸಬೇಕು, ಸೇದಿದ ಮೇಲೆ ಒಣಗೋಕೆ ರಜೆ ಕೊಡಬೇಕು. ಕಲ್ಲಿಗೆ ಇದ್ಯಾವ ಉಪಚಾರವೂ ಬೇಡ. ಪದರ ಕಟ್ಟಲೇಬಾರದು, ಪ್ರತಿ ಸಲ ಒರೆಸಿಬಿಡಿ. ಬೀಳಿಸಬೇಡಿ, ಕುಟ್ಟಬೇಡಿ, ಬಿಸಿ ಇರುವಾಗ ಕೊಳವೆ ಕಳಚಬೇಡಿ. ಮುಗೀತು. ಕೈಗವಸು ಹಾಕ್ಕೊಂಡೇ ಮುಟ್ಟಬೇಕು ಅನ್ನೋರಿಗೆ ಏನು ಹೇಳೋದು, ಅವರು ಸೇದೋದು ಪೈಪಲ್ಲ, ಮಡಿ.

ಆದ್ರೆ ನನ್ನ ಅಸಲಿ ಸಿಟ್ಟು ಇದ್ಯಾವುದರ ಮೇಲೂ ಅಲ್ಲ. "ಈ ಕಲ್ಲು ನಿಕೋಟಿನ್, ಟಾರು ಎಲ್ಲಾ ಹೀರಿಕೊಳ್ಳುತ್ತೆ, ಆರೋಗ್ಯಕ್ಕೆ ಒಳ್ಳೇದು" ಅಂತ ಮಾರ್ತಾರಲ್ಲ, ಅದರ ಮೇಲೆ. ನನ್ನ ಗೆಳೆಯ ಸಿಗರೇಟು ಬಿಟ್ಟು ಇದಕ್ಕೆ ಕೈ ಹಾಕಿರೋದೇ ಈ ಮಾತು ನಂಬಿ. ಇಂಜಿನಿಯರಿಂಗ್ ಓದಿದೋನು, ಒಂದು ಡಯಾಗ್ರಮ್ ಬರೆದು ನೋಡಬಾರದಾ? ಹೊಗೆ ಗೋಡೆಯ ಒಳಗಿಂದ ಸೋಸಿ ಬರೋದಲ್ಲ, ತೂತಿನಿಂದ ನೆಟ್ಟಗೆ ಬಾಯಿಗೆ ಬರುತ್ತೆ. ಗೋಡೆಗೆ ತಾಗಿದ್ದು ಒಂಚೂರು ಗೋಡೆಗೆ, ಉಳಿದದ್ದೆಲ್ಲಾ ನಮಗೇ. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರಿಗೆ ಪೈಪೂ ಕಾರಣ, ಅದು ಮರವೋ ಕಲ್ಲೋ ಅಂತ ಕೇಳಿಕೊಂಡು ಬರಲ್ಲ.

ನಾನು ಸೇದೋನೇ, ತಿಂಗಳಿಗೊಂದೋ ಎರಡೋ ಸಲ. ಬುದ್ಧಿ ಹೇಳೋ ಯೋಗ್ಯತೆ ಇಲ್ಲ. ಆದ್ರೆ ಔಷಧಿ ಅಂದುಕೊಂಡು ಸೇದಿಲ್ಲ.

ಹುಣಸೂರಿನ ಕಡೆ ನಮ್ಮ ಸೋದರಮಾವ ಇದಾರೆ. ಹೊಗೆಸೊಪ್ಪು ಬೆಳೆದೋರು, ಬ್ಯಾರನ್ ಮುಂದೆ ರಾತ್ರಿಯೆಲ್ಲಾ ಬೀಡಿ ಸೇದ್ತಾ ಬೆಂಕಿ ಕಾದೋರು. ಗಂಟಲಿನ ಆಪರೇಷನ್ ಆಗಿ ಮಾತು ಹೋಗಿ ಮೂರು ವರ್ಷ ಆಯ್ತು. ಈ ಸಲ ಹಬ್ಬಕ್ಕೆ ಹೋದಾಗ ನನ್ನ ಬ್ಯಾಗಿನಲ್ಲಿದ್ದ ಎರಡನೇ ಪೈಪು, ಅಸಲಿ ಬ್ಲಾಕು, ಅವರ ಕಣ್ಣಿಗೆ ಬಿತ್ತು. ನಾನು ಸತ್ತೇ ಅಂದುಕೊಂಡೆ. ಬೈಯಲಿಲ್ಲ. ಕೈಗೆ ತಗೊಂಡು ಎಲೆ ತೂಗೋ ಥರ ತೂಗಿದ್ರು, ಮೂಸಿದ್ರು, ಜೇನುಬಣ್ಣ ಏರಿದ ಕುತ್ತಿಗೆ ಮೇಲೆ ಹೆಬ್ಬೆರಳು ಆಡಿಸಿದ್ರು. ಆಮೇಲೆ ಮೊಮ್ಮಗಳ ಸ್ಲೇಟು ಎಳಕೊಂಡು ಬರೆದ್ರು: "ಹಗುರ ಇದೆ. ಎಷ್ಟು ಕೊಟ್ಟೆ?"

ಅರ್ಧ ರೇಟು ಹೇಳಿದೆ. ಅದಕ್ಕೂ ತಲೆ ಚಚ್ಚಿಕೊಂಡ್ರು.