ವಾರಂಟಿ ದುರಸ್ತಿಗೆ ಗಡುವು ಬೇಕು



ವಿಡಿಯೊ ಆಟಗಳಿಗೆಂದೇ ರೂಪಿಸಿದ ಗಣಕಯಂತ್ರವಾದ ಗೇಮ್ ಕನ್ಸೋಲ್ ವಾರಂಟಿ ಅವಧಿಯಲ್ಲಿ ಕೆಟ್ಟರೆ ಅದನ್ನು ಸರಿಪಡಿಸಿಕೊಡುವ ಹೊಣೆ ತಯಾರಕರದು. ಆದರೆ ದೆಹಲಿಯ ಪಾಲಿಕಾ ಬಜಾರ್, ನೆಹರೂ ಪ್ಲೇಸ್‌ಗಳಂಥ ಮಾರುಕಟ್ಟೆಗಳಲ್ಲಿ ‘ಗ್ರೇ ಮಾರ್ಕೆಟ್’ ಸರಕು, ಅಂದರೆ ಅಧಿಕೃತ ವಿತರಕರನ್ನು ಬಿಟ್ಟು ಅನ್ಯ ಮಾರ್ಗದಿಂದ ಆಮದಾದ ಸರಕು, ಅಗ್ಗವಾಗಿ ಸಿಗುವುದರಿಂದ, ಭಾರತದ ವಾರಂಟಿಯೇ ಅನ್ವಯಿಸದ ಯಂತ್ರವನ್ನು ಕೊಂಡವರು ಅದು ಕೆಟ್ಟ ದಿನವೇ ಆ ಸಂಗತಿಯನ್ನು ತಿಳಿಯುತ್ತಾರೆ. ಇದು ನಿಜಕ್ಕೂ ನೋವಿನ ವಿಷಯ.

ಇಂಥ ತಕರಾರುಗಳಿಗೆ ಕಾನೂನಿನ ದಾರಿಯಿದೆ: 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಲು ಅವಕಾಶ ನೀಡಿದೆ. ದೆಹಲಿಯಲ್ಲಿ ಕೊಂಡು ನೋಯ್ಡಾ ಅಥವಾ ಗುರುಗ್ರಾಮದಲ್ಲಿ ನೆಲೆಸಿರುವವರಿಗೆ, ಅಂದರೆ ಮೂರು ರಾಜ್ಯಾಡಳಿತಗಳ ಗಡಿಯನ್ನು ದಿನವೂ ದಾಟುವ ಈ ಪ್ರದೇಶದವರಿಗೆ, ಇದು ದೊಡ್ಡ ಆಸರೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯನ್ನು ಸಂಪರ್ಕಿಸಬಹುದು.

ತಯಾರಕರು ಮನಸ್ಸು ಮಾಡಿದರೆ ಏನು ಸಾಧ್ಯವೆಂಬುದಕ್ಕೆ 2007ರ ನಿದರ್ಶನವಿದೆ: ಎಕ್ಸ್‌ಬಾಕ್ಸ್ 360 ಕನ್ಸೋಲ್‌ನ ಪವರ್ ಗುಂಡಿಯ ಸುತ್ತ ಮೂರು ಕೆಂಪು ದೀಪ ಬೆಳಗಿ ಯಂತ್ರ ನಿಷ್ಕ್ರಿಯವಾಗುವ ದೋಷ ವ್ಯಾಪಕವಾದಾಗ, ಮೈಕ್ರೋಸಾಫ್ಟ್ ಆ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, ನೂರು ಕೋಟಿ ಡಾಲರ್‌ಗೂ ಮಿಕ್ಕ ವೆಚ್ಚವನ್ನು ಹೊತ್ತಿತು.

ಇದನ್ನು ತಯಾರಕರ ಮನಸ್ಸಿಗೇ ಬಿಡದೆ, ದುರಸ್ತಿಗೆ ಗಡುವು ಇರುವಂತೆ, ದುರಸ್ತಿಗೆ ಪಡೆದ ಯಂತ್ರದ ಕ್ರಮಸಂಖ್ಯೆ, ಪಡೆದ ದಿನಾಂಕ, ಹಿಂದಿರುಗಿಸುವ ದಿನಾಂಕಗಳನ್ನು ಲಿಖಿತವಾಗಿ ಕೊಡುವುದನ್ನು ಗ್ರಾಹಕ ವ್ಯವಹಾರಗಳ ಇಲಾಖೆಯು ಪ್ರತಿ ಸೇವಾಕೇಂದ್ರಕ್ಕೂ ಕಡ್ಡಾಯಗೊಳಿಸಬೇಕು.

– ಓದುಗರು, ನೋಯ್ಡಾ